ಹೀರಾನಗರ ಯಾರ ರಾಜ್ಯ?

ಹೀರಾನಗರ ಯಾವ ನಕಾಶೆಯಲ್ಲೂ ಇಲ್ಲ. ಅದರ ರಾಜ ಕದಮ್ ರಾವ್. ಅವನ ಮಂತ್ರಿ ಪದಮ್ ರಾವ್ ಮನುಷ್ಯನಲ್ಲ, ನಾಗ. ಈ ರಾಜ್ಯವನ್ನು ಕಟ್ಟಿದವನು ಫಖ್ರುದ್ದೀನ್ ನಿಜಾಮಿ ಎಂಬ ದಖನಿ ಕವಿ. ಬಹಮನಿಗಳ ರಾಜಧಾನಿ ಗುಲ್ಬರ್ಗಾದಿಂದ ಬೀದರಿಗೆ ಹೋದ ಹೊತ್ತು ಅದು. ಸುಲ್ತಾನ ಅಹ್ಮದ್ ಶಹಾನ ಆಳ್ವಿಕೆ (1422–1436). ಉರ್ದು ಸಾಹಿತ್ಯದ ಚರಿತ್ರೆಕಾರರು ‘ಕದಮ್ ರಾವ್ ಪದಮ್ ರಾವ್’ ಕಾವ್ಯವನ್ನು ತಮ್ಮ ಭಾಷೆಯ ಮೊದಮೊದಲ ಮಸ್ನವಿಗಳ ಸಾಲಿನಲ್ಲಿ ಇಡುತ್ತಾರೆ. ಉಳಿದಿರುವ ಅದರ ಹಸ್ತಪ್ರತಿಯನ್ನು ಜಮೀಲ್ ಜಾಲಿಬಿ ಸಂಪಾದಿಸಿ 1973ರಲ್ಲಿ ಕರಾಚಿಯಿಂದ ಹೊರತಂದರು. ಅಂದರೆ ನಮ್ಮ ನೆಲದ ಒಂದು ರಾಜ್ಯ ಬೆಳಕಿಗೆ ಬರಲು ಗಡಿ ದಾಟಿ ಹೋಗಬೇಕಾಯಿತು.

ಕತೆ ಹೀಗಿದೆ. ಉತ್ತಮ ಕುಲದ ನಾಗಿಣಿಯೊಂದು ಕೀಳು ಜಾತಿಯ ಹಾವಿನ ಜೊತೆ ಕೂಡಿರುವುದನ್ನು ಕದಮ್ ರಾವ್ ನೋಡುತ್ತಾನೆ. ಸಿಟ್ಟಿಗೆದ್ದು ಕತ್ತಿ ಬೀಸುತ್ತಾನೆ. ಹೆಣ್ಣು ಕುಲದ ಮೇಲೆಯೇ ಅವನಿಗೆ ನಂಬಿಕೆ ಹೋಗುತ್ತದೆ. ಏಟು ತಿಂದ ನಾಗಿಣಿಯ ದೂರು ಕೇಳಿ ರಾಜನನ್ನು ಕಚ್ಚಲು ಬಂದ ಪದಮ್ ರಾವ್, ರಾಜ ತನ್ನ ರಾಣಿಗೆ ನಡೆದದ್ದನ್ನು ಹೇಳುತ್ತಿರುವುದನ್ನು ಮರೆಯಲ್ಲಿ ಕೇಳಿಸಿಕೊಂಡು ಅವನ ಸ್ನೇಹಿತನಾಗುತ್ತಾನೆ. ಆಮೇಲೆ ಅಖರ್‌ನಾಥ ಎಂಬ ಜೋಗಿ ಬರುತ್ತಾನೆ. ರಾಜನಿಗೆ ಪರಕಾಯ ಪ್ರವೇಶದ ವಿದ್ಯೆ ಕಲಿಸುತ್ತಾನೆ. ರಾಜನ ಜೀವ ಗಿಳಿಯೊಳಗೆ ಹೋದದ್ದೇ ತಡ, ಜೋಗಿ ರಾಜನ ದೇಹದೊಳಗೆ ಸೇರಿ ಸಿಂಹಾಸನ ಏರುತ್ತಾನೆ. ಗಿಳಿಯಾದ ರಾಜ ಅಲೆದು ಅಲೆದು ಕೊನೆಗೆ ತನ್ನ ನಾಗಮಂತ್ರಿಯನ್ನು ಮುಟ್ಟುತ್ತಾನೆ. ಪದಮ್ ರಾವ್ ಹೋಗಿ ಆ ಸುಳ್ಳು ರಾಜನನ್ನು ಕಚ್ಚುತ್ತಾನೆ. ರಾಜನಿಗೆ ತನ್ನ ದೇಹ ವಾಪಸು ಸಿಗುತ್ತದೆ.

ಕನ್ನಡ ಓದುಗರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ವಿಕ್ರಮನ ಕತೆಗಳನ್ನು, ಪರಕಾಯ ಪ್ರವೇಶದ ಕತೆಗಳನ್ನು ಕೇಳಿ ಬೆಳೆದವರಿಗೆ ಇದು ಮನೆಯದೇ ಸರಕು. ನಾನು ಹೇಳಹೊರಟದ್ದೂ ಅದನ್ನೇ. ನಿಜಾಮಿ ಅಲ್ಲಾಹನ ಸ್ತುತಿ, ಪ್ರವಾದಿಯವರ ಸ್ತುತಿ, ಸುಲ್ತಾನನ ಹೊಗಳಿಕೆ ಮುಗಿಸಿ ನೇರವಾಗಿ ಹೀರಾನಗರಕ್ಕೆ ಕಾಲಿಡುತ್ತಾನೆ. ಅಲ್ಲಿಂದ ಮುಂದೆ ರಾವ್‌ಗಳು, ನಾಗಗಳು, ಜೋಗಿಗಳು. ಮುಸ್ಲಿಂ ಸುಲ್ತಾನನ ಆಶ್ರಯದಲ್ಲಿ ಮುಸ್ಲಿಂ ಕವಿ ಬರೆದ ಕತೆಗೆ ಇದೆಲ್ಲ ಯಾಕೆ ಎಂದು ಸಮಜಾಯಿಷಿ ಕೊಡುವ ಅಗತ್ಯ ಅವನಿಗೆ ಕಂಡಂತಿಲ್ಲ. ಇವತ್ತು ಸೇಡಂನಲ್ಲೋ ಶಹಾಬಾದಿನಲ್ಲೋ ಕೂತು ಕನ್ನಡದಲ್ಲಿ ಬರೆಯುವ ಒಬ್ಬ ಮುಸ್ಲಿಂ ಕತೆಗಾರ ಒಂದು ರಾಜ್ಯವನ್ನು ಕಲ್ಪಿಸಿದನೆನ್ನಿ. ಅವನ ಮುಂದೆ ಬರುವ ಮೊದಲ ಪ್ರಶ್ನೆ ರಾಜನ ಹೆಸರೇನು ಎಂಬುದು. ಕದಮ್ ರಾವ್ ಎಂದರೆ ಒಂದು ಅರ್ಥ, ಕಾದಿರ್ ಖಾನ್ ಎಂದರೆ ಇನ್ನೊಂದು ಅರ್ಥ. ಎರಡನೆಯ ಪ್ರಶ್ನೆ ಸಾಹಿತ್ಯಗೋಷ್ಠಿಗಳಲ್ಲಿ ತುಂಬ ಮರ್ಯಾದೆಯಿಂದ ಬರುತ್ತದೆ: ‘ಇದರಲ್ಲಿ ನಿಮ್ಮ ಸಮುದಾಯದ ಅನುಭವ ಎಲ್ಲಿದೆ?’

ಕಲ್ಪಿತ ರಾಜ್ಯದ ಕತೆಗಳನ್ನು ಮಕ್ಕಳ ಓದು, ಟೈಂಪಾಸ್ ಎಂದು ನಾವು ಬದಿಗಿಟ್ಟಿದ್ದೇವೆ. ಒಂದು ರಾಜ್ಯವನ್ನು ಕಲ್ಪಿಸುವ ಹಕ್ಕು ಯಾರಿಗಿದೆ, ಯಾರಿಗಿಲ್ಲ ಎಂಬುದು ಮಾತ್ರ ಮಕ್ಕಳಾಟವಲ್ಲ.

ನಮ್ಮ ಕಡೆ ನಿಜವಾದ ರಾಜ್ಯಗಳಿಗೇನೂ ಬರವಿಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪ ಅವನ ಹೆಸರಿನ ಬರಹದ ಸಮೇತ ಸಿಕ್ಕಿದೆ. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಆದರೆ ದೂರದಿಂದ ನೋಡುವವನಿಗೆ ನಿಜದ ರಾಜ್ಯವೂ ಕಲ್ಪನೆಯ ರಾಜ್ಯವೇ. 851ರ ಸುಮಾರಿನ ಅರಬ್ಬಿ ವರ್ತಕರ ವರದಿಯಲ್ಲಿ ಜಗತ್ತಿನ ನಾಲ್ವರು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ‘ಬಲ್ಹರಾ’ನ ಹೆಸರು ಬರುತ್ತದೆ. ವಲ್ಲಭರಾಜ ಎಂಬ ಬಿರುದು ಅರಬ್ಬರ ನಾಲಿಗೆಯಲ್ಲಿ ಹಾಗಾಯಿತು. ಹತ್ತನೆಯ ಶತಮಾನದ ಅಲ್ ಮಸೂದಿ ಅವನ ರಾಜಧಾನಿಯನ್ನು ‘ಮಾನಕೀರ್’ ಎನ್ನುತ್ತಾನೆ. ಬಗದಾದಿನಲ್ಲಿ ಕೂತು ಕೇಳಿದವರಿಗೆ ಆನೆಗಳ, ಬಂಗಾರದ ಈ ಮಾನಕೀರ್ ಸಿಂದಬಾದ್ ನಾವಿಕನ ದ್ವೀಪಗಳಿಗಿಂತ ಬೇರೆಯಾಗಿ ಕಂಡಿರಲಾರದು. ಸಿಂದಬಾದನ ಕತೆಯ ಮಿಹರಾಜ್ ದೊರೆಯ ಹೆಸರಿನಲ್ಲಿ ನಮ್ಮ ‘ಮಹಾರಾಜ’ ಕೇಳಿಸುತ್ತದಲ್ಲ! ನಮ್ಮ ಕಾಗಿಣಾ ನದಿಯ ದಂಡೆಯ ಊರು ಒಂದು ಕಾಲಕ್ಕೆ ಅರಬ್ಬಿ ಓದುಗರ ಅದ್ಭುತ ಲೋಕವಾಗಿತ್ತು.

ಅದೇ ಮಾನ್ಯಖೇಟದಲ್ಲಿ ಕೂತು ಒಬ್ಬ ಕವಿ ಇನ್ನೊಂದು ರಾಜ್ಯವನ್ನು ಕಲ್ಪಿಸುತ್ತಿದ್ದ. ಅಪಭ್ರಂಶದ ದೊಡ್ಡ ಕವಿ ಪುಷ್ಪದಂತ ತನ್ನ ‘ಮಹಾಪುರಾಣ’ವನ್ನು 965ರಲ್ಲಿ ಮುಗಿಸಿದ್ದು ಅಲ್ಲಿ. ಅವನ ಇನ್ನೊಂದು ಕಾವ್ಯ ನಾಗಕುಮಾರನ ಕತೆ. ಅದರ ರಾಜಧಾನಿ ಕನಕಪುರ. ರಾಜಕುಮಾರ ಮಗುವಾಗಿದ್ದಾಗ ಬಾವಿಗೆ ಬೀಳುತ್ತಾನೆ, ನಾಗ ಅವನನ್ನು ಕಾಪಾಡುತ್ತಾನೆ, ಮುಂದೆ ಅವನು ಊರೂರು ಸುತ್ತಿ ರಾಜಕುಮಾರಿಯರನ್ನು ಗೆಲ್ಲುತ್ತಾನೆ. ಜೈನ ವ್ರತದ ಮಹಿಮೆ ಹೇಳುವ ಕಾವ್ಯವಾದರೂ ಮೈಯೆಲ್ಲ ಸಾಹಸದ ಕತೆ. 972ರಲ್ಲಿ ಪರಮಾರರ ಸೀಯಕ ಬಂದು ಮಾನ್ಯಖೇಟವನ್ನು ಲೂಟಿ ಮಾಡಿದ. ನಿಜದ ರಾಜಧಾನಿ ಸುಟ್ಟಿತು, ಕನಕಪುರ ಉಳಿಯಿತು.

ಪುಷ್ಪದಂತನ ಜೈನ ಕನಕಪುರಕ್ಕೂ ನಿಜಾಮಿಯ ಹೀರಾನಗರಕ್ಕೂ ನೇರ ಸಂಬಂಧ ಇದೆಯೆಂದು ನಾನು ವಾದಿಸುತ್ತಿಲ್ಲ. ಆದರೆ ಐದು ಶತಮಾನದ ಅಂತರದಲ್ಲಿ, ಎರಡು ಧರ್ಮದ ಇಬ್ಬರು ಕವಿಗಳು, ಹೆಚ್ಚು ದೂರವಿಲ್ಲದ ಎರಡು ರಾಜಧಾನಿಗಳಲ್ಲಿ ಕೂತು ತಮ್ಮ ನಾಯಕನನ್ನು ನಾಗನ ಕೈಗೆ ಒಪ್ಪಿಸಿದ್ದಾರೆ. ಹುತ್ತಕ್ಕೆ ಹಾಲೆರೆಯುವ ಊರಿನಲ್ಲಿ ಕತೆ ಹೇಳುವವನು ಯಾರೇ ಆಗಲಿ ನಾಗನನ್ನು ಬಿಟ್ಟು ಕತೆ ಹೇಳಲಾರ. ಕಲ್ಪಿತ ರಾಜ್ಯ ಗಾಳಿಯಲ್ಲಿ ಕಟ್ಟಿದ್ದಲ್ಲ, ಅದರ ಪಾಯದ ಕಲ್ಲು ಊರಿನದೇ.

ಇಂಗ್ಲಿಷಿನವರು ಈ ಬಗೆಯ ಕತೆಗೆ ಒಂದು ಹೆಸರನ್ನೇ ಕೊಟ್ಟಿದ್ದಾರೆ. ಆಂಥೊನಿ ಹೋಪ್ ಎಂಬ ವಕೀಲ 1894ರಲ್ಲಿ ‘ದಿ ಪ್ರಿಸನರ್ ಆಫ್ ಝೆಂಡಾ’ ಬರೆದ. ಅದರ ರುರಿಟಾನಿಯಾ ಮಧ್ಯ ಯುರೋಪಿನ ಒಂದು ಪುಟ್ಟ ರಾಜ್ಯ, ಕವಿಕಲ್ಪನೆಯದು. ಅಲ್ಲಿನ ರಾಜನಂತೆಯೇ ಮುಖವಿರುವ ಒಬ್ಬ ಇಂಗ್ಲಿಷ್ ಯುವಕ, ರಾಜ ಸೆರೆಯಾದಾಗ ಅವನ ಜಾಗದಲ್ಲಿ ಕಿರೀಟ ಧರಿಸುತ್ತಾನೆ, ರಾಜಕುಮಾರಿಯನ್ನು ಪ್ರೀತಿಸುತ್ತಾನೆ, ಕೊನೆಗೆ ಎರಡನ್ನೂ ಬಿಟ್ಟು ಮನೆಗೆ ಹೋಗುತ್ತಾನೆ. ಅವನು ಅಲ್ಲಿಗೆ ಹೋಗುವುದು ಕುದುರೆಯ ಮೇಲಲ್ಲ, ರೈಲಿನಲ್ಲಿ. ಗಡಿಯ ಹತ್ತಿರದ ಸಣ್ಣ ಊರಲ್ಲಿ ಇಳಿಯುತ್ತಾನೆ.

ಇದನ್ನು ಓದುವಾಗ ನನಗೆ ನಮ್ಮ ವಾಡಿ ಜಂಕ್ಷನ್ ನೆನಪಾಗುತ್ತದೆ. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಹಾದು ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಮುಂಬಯಿಯಿಂದ ಬಂದವನು ವಾಡಿಯಲ್ಲಿ ಕಂಪನಿಯ ಗಾಡಿ ಇಳಿದು ಬಾದಶಹನ ಗಾಡಿ ಹತ್ತುತ್ತಿದ್ದ. ಮುಂದೆ ಅವನ ಕಿಸೆಯ ಕಲ್ದಾರ್ ರೂಪಾಯಿಗೆ ಬದಲು ಹಾಲಿ ಸಿಕ್ಕಾ. ಸುಮಾರು ಏಳು ಹಾಲಿಗೆ ಆರು ಕಲ್ದಾರ್ ಲೆಕ್ಕ. ಸ್ವಂತ ನಾಣ್ಯ, ಸ್ವಂತ ಅಂಚೆಚೀಟಿ, ಸ್ವಂತ ರೈಲು, ಮೇಲೊಬ್ಬ ಬ್ರಿಟಿಷ್ ರೆಸಿಡೆಂಟ್! ಇದಕ್ಕಿಂತ ರುರಿಟಾನಿಯಾ ಬೇಕೆ? ನಮ್ಮ ಅಜ್ಜಂದಿರು ಅದರ ಪ್ರಜೆಗಳು. ಕಾದಂಬರಿಗಳಲ್ಲಿ ಬಾರದಿರುವವರೂ ಅವರೇ.

ಬಿಳಿಯ ಲೇಖಕರ ಇಂಥ ಕತೆಗಳಲ್ಲಿ ರಾಜ್ಯ ಪೂರ್ವದ್ದಾದರೆ ದೊರೆ ಒಂದೋ ಮಗುವಿನಂಥವನು, ಇಲ್ಲವೇ ಕ್ರೂರಿ. ಹೊರಗಿನಿಂದ ಬಂದವನೇ ನಾಯಕ. ಕಿಪ್ಲಿಂಗ್ ತನ್ನ ಗೆಳೆಯ ಬ್ಯಾಲೆಸ್ಟಿಯರ್ ಜೊತೆ ಸೇರಿ 1892ರಲ್ಲಿ ಪ್ರಕಟಿಸಿದ ‘ದಿ ನೌಲಾಖಾ’ದಲ್ಲಿ ಅಮೆರಿಕದವನೊಬ್ಬ ಕಲ್ಪಿತ ರಜಪೂತ ಸಂಸ್ಥಾನಕ್ಕೆ ಹಾರ ಹುಡುಕಿಕೊಂಡು ಬರುತ್ತಾನೆ. ನಮ್ಮ ಪಕ್ಕದ ಸುರಪುರವನ್ನು 1840ರ ದಶಕದಿಂದ 1853ರವರೆಗೆ ನೋಡಿಕೊಂಡ ಮೆಡೋಸ್ ಟೇಲರ್ ಕಾದಂಬರಿಕಾರನೂ ಹೌದು. ಅವನು ಕಿಪ್ಲಿಂಗ್‌ಗಿಂತ ಈ ನೆಲವನ್ನು ಚೆನ್ನಾಗಿ ಬಲ್ಲವನು, ಜನರನ್ನು ಪ್ರೀತಿಸಿದವನು. ಆದರೂ 1877ರಲ್ಲಿ ಬಂದ ಅವನ ಆತ್ಮಕಥೆಯನ್ನು ಓದಿದರೆ ಸುರಪುರದ ಭಾಗವೇ ಒಂದು ರುರಿಟಾನಿಯಾದ ಕಾದಂಬರಿ. ಬಾಲರಾಜ, ರಾಣಿ, ಒಳಸಂಚು, ನಡುವೆ ಎಲ್ಲವನ್ನೂ ಸರಿಪಡಿಸುವ ಸಾಹೇಬ.

ಝೆಂಡಾವನ್ನೂ ಹೀರಾನಗರವನ್ನೂ ಜೊತೆಗಿಟ್ಟು ಓದಬೇಕು. ಎರಡರಲ್ಲೂ ರಾಜನ ಮುಖ ಹೊತ್ತ ಬೇರೆಯವನು ಸಿಂಹಾಸನದ ಮೇಲೆ ಕೂರುತ್ತಾನೆ. ಇಂಗ್ಲಿಷ್ ಕತೆಯಲ್ಲಿ ನಮ್ಮ ಕಣ್ಣು ಹಾಗೆ ಕೂತವನ ಮೇಲೆ; ಅವನಿಗೆ ರಾಜ್ಯ ಸಿಕ್ಕಿತು, ಅವನು ಹೇಗೆ ನಡೆದುಕೊಂಡಾನು ಎಂಬ ಕುತೂಹಲ. ದಖನಿ ಕತೆಯಲ್ಲಿ ಕಣ್ಣು ಕಳೆದುಕೊಂಡವನ ಮೇಲೆ. ರಾಜನ ಕೈಯಿಂದ ರಾಜ್ಯವನ್ನಲ್ಲ, ಮೈಯನ್ನೇ ಕಸಿದುಕೊಂಡು, ಗಿಳಿಯಾಗಿ ಮರದಿಂದ ಮರಕ್ಕೆ ಹಾರಿಸಿ, ಇನ್ನೊಂದು ಪ್ರಾಣಿಯ ಎದುರು ತನ್ನನ್ನು ಗುರುತಿಸು ಎಂದು ಬೇಡುವಂತೆ ಮಾಡುತ್ತಾನೆ ನಿಜಾಮಿ. ಸುಲ್ತಾನನೆದುರು ಇಂಥ ಕತೆ ಹೇಳಲು ಎದೆಗಾರಿಕೆ ಬೇಕು. ರಾಜ್ಯ ಕಲ್ಪಿತವಾದುದರಿಂದಲೇ ಹೇಳಲು ಸಾಧ್ಯವಾಯಿತು.

ನಮ್ಮ ಮನೆಗಳಲ್ಲಿ ಹಿರಿಯ ಹೆಂಗಸರು ಕತೆ ಶುರು ಮಾಡುವಾಗ ಒಬ್ಬ ಬಾದಶಹ ಇದ್ದ ಎಂದು ಹೇಳಿ, ನಮಗೂ ನಿಮಗೂ ಖುದಾನೇ ಬಾದಶಹ ಎಂದು ಸೇರಿಸಿಯೇ ಮುಂದೆ ಹೋಗುತ್ತಿದ್ದರು. ಉರ್ದು ಕತೆಗಾರಿಕೆಯ ಹಳೆಯ ಪದ್ಧತಿ ಅದು. ಕತೆಯ ರಾಜನಿಗೆ ಮೊದಲೇ ಅವನ ಜಾಗ ತೋರಿಸಿ ಆಮೇಲೆ ಕಿರೀಟ ತೊಡಿಸುವುದು. ‘ಆ ಬಾದಶಹ ಯಾವ ಊರಿನಾಂವ?’ ಎಂದು ನಾನು ಕೇಳಿದರೆ ನಾನಿಮಾ ಚಿಂಚೋಳಿಯ ಅಡವಿಯ ಕಡೆ ಕೈ ತೋರಿಸುತ್ತಿದ್ದರು. ಆ ಕಡೆಗೆ ರೈಲಿರಲಿಲ್ಲ, ಹೋಗಿ ನೋಡಿ ಬಂದವರೂ ನಮ್ಮಲ್ಲಿ ಕಡಿಮೆ. ರಾಜ್ಯ ಇಡಲು ಒಳ್ಳೆಯ ಜಾಗ.

ಈ ವಿಷಯದಲ್ಲಿ ನನ್ನ ಮಾತಿಗೆ ಬಲವಾದ ಸಾಕ್ಷಿ ಬಿಜಾಪುರದ ನುಸ್ರತಿ. ಎರಡನೆಯ ಅಲಿ ಆದಿಲ್ ಶಹಾನ ಆಸ್ಥಾನ ಕವಿ. 1657–58ರಲ್ಲಿ ಅವನು ‘ಗುಲ್ಶನೆ ಇಷ್ಕ್’ ಬರೆದ. ಮೂಲಕತೆ ಉತ್ತರದ್ದು, ಸೂಫಿ ಕವಿ ಮಂಝನ್ ಅವಧಿಯಲ್ಲಿ 1545ರಲ್ಲಿ ಬರೆದ ‘ಮಧುಮಾಲತಿ’ಯ ಕತೆ. ನುಸ್ರತಿ ಅದನ್ನು ದಖನ್ನಿನ ಮಣ್ಣಿನಲ್ಲಿ ಊರಿದ. ಕನಕಗೀರ್ ಎಂಬ ರಾಜ್ಯ, ಬಿಕ್ರಮ್ ಎಂಬ ರಾಜ, ಅವನಿಗೆ ಮಕ್ಕಳಿಲ್ಲ. ಬಾಗಿಲಿಗೆ ಬಂದ ಫಕೀರ, ಮಕ್ಕಳಿಲ್ಲದ ಮನೆಯ ಭಿಕ್ಷೆ ಬೇಡವೆಂದು ಹೋಗಿಬಿಡುತ್ತಾನೆ. ರಾಜ ಅವನನ್ನು ಹುಡುಕಿಕೊಂಡು ಅಡವಿ ಸೇರುತ್ತಾನೆ, ಹಣ್ಣು ಪಡೆದು ಬರುತ್ತಾನೆ, ಮನೋಹರ ಹುಟ್ಟುತ್ತಾನೆ. ಪರಿಗಳು ಒಂದು ರಾತ್ರಿ ಮಲಗಿದ್ದ ಮನೋಹರನ ಮಂಚವನ್ನೇ ಎತ್ತಿಕೊಂಡು ಹೋಗಿ ಮಧುಮಾಲತಿಯ ಅರಮನೆಯಲ್ಲಿ ಇಡುತ್ತಾರೆ. ಉಂಗುರ ಬದಲಾಗುತ್ತದೆ. ಬೆಳಗಾದರೆ ಅವನು ತನ್ನೂರಲ್ಲಿ, ಅವಳು ತನ್ನೂರಲ್ಲಿ. ಮನೋಹರ ಜೋಗಿಯಾಗಿ ಹೊರಡುತ್ತಾನೆ. ಹಡಗು ಒಡೆಯುತ್ತದೆ, ರಾಕ್ಷಸನ ಸೆರೆಯಿಂದ ಚಂಪಾವತಿಯನ್ನು ಬಿಡಿಸುತ್ತಾನೆ. ಮಧುಮಾಲತಿ ಸಿಕ್ಕಿದಳು ಎನ್ನುವಷ್ಟರಲ್ಲಿ ಅವಳ ತಾಯಿಯೇ ಮಗಳನ್ನು ಹಕ್ಕಿಯನ್ನಾಗಿ ಮಾಡಿಬಿಡುತ್ತಾಳೆ.

ಈ ತಾಯಿಯ ಪ್ರಸಂಗದ ಬಳಿ ನಾನು ಪ್ರತಿ ಸಲ ನಿಲ್ಲುತ್ತೇನೆ. ಮಗಳು ತಾನೇ ಆರಿಸಿಕೊಂಡ ಗಂಡಿನ ಜೊತೆ ಇರುವುದನ್ನು ಕಂಡ ತಾಯಿಗೆ ಮೊದಲು ಕಾಣುವುದು ಮನೆತನದ ಮರ್ಯಾದೆ. ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಮರ್ಯಾದೆಯ ಹೆಸರಿನ ಸುದ್ದಿ ಓದುವವರಿಗೆ ಇದು ಪರಿಗಳ ಕತೆ ಎಂದು ಅನ್ನಿಸದು. ಕವಿ ಆ ಹುಡುಗಿಯನ್ನು ಕೊಲ್ಲಿಸುವುದಿಲ್ಲ, ರೆಕ್ಕೆ ಕೊಡುತ್ತಾನೆ. ಅವಳು ಹಾರಿ ಹೋಗಿ, ಚಂದ್ರಸೇನ ಎಂಬ ರಾಜಕುಮಾರನ ಕೈಗೆ ಸಿಕ್ಕಿ, ಅವನ ಸಹಾಯದಿಂದ ಮರಳಿ ಮನುಷ್ಯಳಾಗುತ್ತಾಳೆ. ಎರಡೂ ಜೋಡಿಗಳ ಮದುವೆಯಾಗುತ್ತದೆ. 1743ರಲ್ಲಿ ದಖನ್ನಿನಲ್ಲಿಯೇ ತಯಾರಾದ ಇದರ ಒಂದು ಸಚಿತ್ರ ಪ್ರತಿ ಈಗ ಅಮೆರಿಕದ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದಲ್ಲಿದೆ.

ಇದೇ ನುಸ್ರತಿ 1665ರಲ್ಲಿ ‘ಅಲಿನಾಮಾ’ ಬರೆದ. ಅದು ಅವನ ಸುಲ್ತಾನನ ನಿಜವಾದ ಯುದ್ಧಗಳ ಕಾವ್ಯ. ಮೊಗಲರು, ಶಿವಾಜಿ, ಮುತ್ತಿಗೆ, ಕೋಟೆ, ಎಲ್ಲಕ್ಕೂ ನಿಜದ ಹೆಸರು. ಪಂಡಿತರು ಇದನ್ನೇ ನುಸ್ರತಿಯ ಶ್ರೇಷ್ಠ ಕೃತಿ ಎನ್ನುತ್ತಾರೆ. ಕಾವ್ಯಶಕ್ತಿಯ ಮಾತಾದರೆ ನಾನು ತಕರಾರು ಮಾಡುವುದಿಲ್ಲ, ಯುದ್ಧವರ್ಣನೆಯಲ್ಲಿ ಅವನನ್ನು ಸರಿಗಟ್ಟುವವರು ದಖನಿಯಲ್ಲಿ ಇಲ್ಲ. ಆದರೆ ಏಳೆಂಟು ವರ್ಷದ ಹಿಂದೆ ಬಿಕ್ರಮ್ ರಾಜನ ಸಂಕಟಕ್ಕೆ ಕರಗಿದ ಅದೇ ಲೇಖನಿ ಇಲ್ಲಿ ವೈರಿಯ ಮೇಲೆ ಬೈಗುಳದ ಮಳೆ ಸುರಿಸುತ್ತದೆ. ಕವಿಯ ಮನಸ್ಸು ಬದಲಾಗಿರಲಿಲ್ಲ. ರಾಜ್ಯಕ್ಕೆ ನಿಜದ ಹೆಸರು ಬಂದ ಕೂಡಲೇ ಕವಿ ಒಂದು ಪಾಳೆಯದವನಾಗ ಬೇಕಾಯಿತು, ಅಷ್ಟೇ. ಅಲಿನಾಮಾ ಹುಟ್ಟಿದ ಸಾಮ್ರಾಜ್ಯ 1686ರಲ್ಲಿ ಔರಂಗಜೇಬನ ಕೈಗೆ ಹೋಯಿತು. ಕನಕಗೀರನ್ನು ಗೆಲ್ಲಲು ಯಾವ ಫೌಜೂ ಬರಲಿಲ್ಲ.

ಕಲ್ಪಿತ ರಾಜ್ಯದಲ್ಲಿ ಪಾಳೆಯಗಳೇ ಇರುವುದಿಲ್ಲ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಲಕನೌದ ನವಲ್ ಕಿಶೋರ್ ಪ್ರೆಸ್ 1883ರಿಂದ ಹತ್ತು ವರ್ಷ ಅಚ್ಚು ಹಾಕಿದ ‘ತಿಲಿಸ್ಮೆ ಹೋಶ್‌ರುಬಾ’ದಲ್ಲಿ ಒಂದು ಕಡೆ ಅಮೀರ್ ಹಮ್ಜಾನ ದಂಡು, ಇನ್ನೊಂದು ಕಡೆ ಅಫ್ರಾಸಿಯಾಬನ ಮಾಯಾವಿಗಳ ಸಾಮ್ರಾಜ್ಯ. ಗೆದ್ದವರ ದೀನಿಗೆ ಸೋತವರು ಬರುವ ಪ್ರಸಂಗಗಳು ಬೇಕಾದಷ್ಟು. ಆದರೂ ಹೇಳುವವರ ಮನಸ್ಸೆಲ್ಲ ಮಾಯಾವಿಗಳ ಕಡೆಗೇ ಇದೆ. ಹೋಶ್‌ರುಬಾದ ತೋಟ, ಬಣ್ಣ, ಬುದ್ಧಿವಂತಿಕೆ, ಸುಂದರಿಯರು ಎಲ್ಲ ವೈರಿಯ ರಾಜ್ಯದಲ್ಲಿವೆ. ಇದೇ ತಿಲಿಸ್ಮ್, ಇದೇ ಐಯಾರರನ್ನು ತೆಗೆದುಕೊಂಡು ದೇವಕೀನಂದನ್ ಖತ್ರಿ 1888ರಲ್ಲಿ ಹಿಂದಿಯಲ್ಲಿ ‘ಚಂದ್ರಕಾಂತಾ’ ಬರೆದರು. ನೌಗಢ, ವಿಜಯಗಢ ಎಂಬ ಊರುಗಳು ಇರುವಂಥವೇ, ಅಲ್ಲಿ ನಡೆಯುವುದೆಲ್ಲ ಕಲ್ಪನೆ. 1994ರಲ್ಲಿ ಅದು ದೂರದರ್ಶನದಲ್ಲಿ ಧಾರಾವಾಹಿಯಾಗಿ ಬಂದಾಗ ನಮ್ಮ ಓಣಿಯ ಅರ್ಧ ಜನ ಒಂದೇ ಟೀವಿಯ ಮುಂದೆ ಕೂತಿರುತ್ತಿದ್ದರು, ಕ್ರೂರಸಿಂಗನಂತೆ ಹುಬ್ಬು ಹಾರಿಸುವುದು ಹುಡುಗರ ಆಟವಾಗಿತ್ತು. ಮೂಲ ಕಾದಂಬರಿಯನ್ನು ಆಮೇಲೆ ಓದಿದಾಗ ಗಮನಿಸಿದ್ದು: ಆ ಕ್ರೂರಸಿಂಗನ ಇಬ್ಬರು ಐಯಾರರ ಹೆಸರು ನಾಜಿಮ್ ಮತ್ತು ಅಹಮದ್. ದಾಸ್ತಾನಿನಿಂದ ಸರಕನ್ನೆಲ್ಲ ತಂದ ಕತೆಯಲ್ಲಿ ಯಾರಿಗೆ ಯಾವ ಪಾತ್ರ ಎಂದು ಹಂಚಿಕೆ ಆಗಲೇ ಶುರುವಾಗಿತ್ತು. ಖತ್ರಿಯವರ ಕತೆಗಾರಿಕೆ ಬಲು ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೀರಾನಗರದ ಗಾಳಿ ಅಲ್ಲಿ ಇಲ್ಲ.

ಹೆಸರಿನ ಈ ಕಾಟ ಇಬ್ನೆ ಸಫಿಯವರನ್ನೂ ಬಿಡಲಿಲ್ಲ. ಉರ್ದು ಓದುವ ನಮ್ಮ ಮನೆಗಳಲ್ಲಿ ಅವರ ಇಮ್ರಾನ್ ಸರಣಿ ಓದದವರು ಯಾರು! 1955ರಲ್ಲಿ ಶುರುವಾದ ಆ ಪತ್ತೇದಾರಿ ಸರಣಿಯಲ್ಲಿ ಶಕ್ರಾಲ್, ಕರಾಗಾಲ್, ಝೀರೋಲ್ಯಾಂಡ್ ಎಂಬ ಕಲ್ಪಿತ ನಾಡುಗಳಿವೆ. ಹಳೆಯ ತಿಲಿಸ್ಮ್‌ಗೆ ಯಂತ್ರ, ವಿಮಾನ ಜೋಡಿಸಿದಂತೆ ಅವು. ಅಲಹಾಬಾದಿನಿಂದ ಇವೇ ಕಾದಂಬರಿಗಳು ಹಿಂದಿಯಲ್ಲಿ ಬಂದಾಗ ಇಮ್ರಾನ್ ರಾಜೇಶನಾದ, ಕರ್ನಲ್ ಫರೀದಿ ವಿನೋದನಾದ. ಕತೆ ಅದೇ, ಲಿಪಿ ಬದಲಾದೊಡನೆ ನಾಯಕನ ಧರ್ಮ ಬದಲು. ವ್ಯಾಪಾರದ ಲೆಕ್ಕ ಇರಬಹುದು. ಆದರೆ ಕದಮ್ ರಾವ್‌ನ ಹೆಸರನ್ನು ಬೀದರಿನಲ್ಲಿ ಯಾರೂ ಕರೀಮ್ ಎಂದು ತಿದ್ದಿರಲಿಲ್ಲ.

ಕಲ್ಪಿತ ರಾಜ್ಯ ಹಿಂದೆ ಸರಿದ ಜಾಗಕ್ಕೆ ಬಂದದ್ದು ಐತಿಹಾಸಿಕ ಕಾದಂಬರಿ. ಉರ್ದುವಿನಲ್ಲಿ ನಸೀಮ್ ಹಿಜಾಜಿಯವರ ಕಾದಂಬರಿಗಳು ಮುಸ್ಲಿಂ ಮನೆಗಳಲ್ಲಿ ಧರ್ಮಗ್ರಂಥದ ಪಕ್ಕದ ಗೂಡಿನಲ್ಲಿ ಕೂತವು. ಕನ್ನಡದಲ್ಲಿ ಗಳಗನಾಥರು ‘ಮಾಧವ ಕರುಣಾ ವಿಲಾಸ’ದಲ್ಲಿ ವಿಜಯನಗರದ ಹುಟ್ಟನ್ನು ಹೇಳಿ ಒಂದು ತಲೆಮಾರಿಗೆ ಕನ್ನಡ ಓದಿಸಿದರು. ಎರಡು ಮೊಹಲ್ಲಾಗಳ ಓದುಗರು ಒಂದೇ ರಾತ್ರಿ ದೀಪದ ಬೆಳಕಿನಲ್ಲಿ ಎರಡು ಬೇರೆ ಬೇರೆ ಗೆಲುವುಗಳನ್ನು ಓದುತ್ತಿದ್ದರು. ತ.ರಾ.ಸು. ಇದಕ್ಕೆ ಹೊರತು ಎನ್ನಬೇಕು. ‘ದುರ್ಗಾಸ್ತಮಾನ’ದಲ್ಲಿ ಹೈದರ್ ವೈರಿಯೇ, ಆದರೆ ದುರ್ಗ ಬೀಳುವ ಕಾರಣಗಳನ್ನು ಅವರು ದುರ್ಗದ ಒಳಗೂ ಹುಡುಕುತ್ತಾರೆ. ಅಂಥ ಪ್ರಾಮಾಣಿಕತೆ ಆ ಪ್ರಕಾರದಲ್ಲಿ ಅಪರೂಪ.

ನಮ್ಮ ಭಾಗಕ್ಕೆ ಇದು ಬರೀ ಸಾಹಿತ್ಯದ ಮಾತಲ್ಲ. ನಿಜದ ರಾಜ್ಯವೊಂದು ಕಣ್ಣೆದುರೇ ಮುಗಿದು ಹೋದದ್ದನ್ನು ಕಂಡವರು ನಮ್ಮ ಹಿರಿಯರು. ರಜಾಕಾರರು ಹಳ್ಳಿಗಳ ಮೇಲೆ ಬಿದ್ದ ದಿನಗಳು. ಆಮೇಲೆ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ. ಅದರ ಹಿಂದೆಯೇ ಮುಸ್ಲಿಮರ ಮೇಲೆ ನಡೆದ ಹಿಂಸೆ. ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಅತಿ ಹೆಚ್ಚು ಪೆಟ್ಟು ಬಿದ್ದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡಗಳನ್ನು ಹೆಸರಿಸಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 2019ರಲ್ಲಿ ಕಲ್ಯಾಣ ಕರ್ನಾಟಕವಾದೆವು. ರಾಜ್ಯದ ಹೆಸರು ಇಷ್ಟು ಸಲ ಬದಲಾದ ನೆಲದಲ್ಲಿ ‘ಒಂದೂರಾಗ ಒಬ್ಬ ರಾಜ ಇದ್ದ’ ಎಂದು ಶುರು ಮಾಡಿದರೆ ಕೇಳುವವನು ಕೂಡಲೇ ಕಣ್ಣು ಕಿರಿದು ಮಾಡುತ್ತಾನೆ. ಯಾವ ರಾಜ? ಆ ಬಾದಶಹನೋ? ಎರಡೂ ಕಡೆಯ ಹಿರಿಯರು ಆ ದಿನಗಳ ಕತೆ ಹೇಳುವಾಗ ದನಿ ತಗ್ಗಿಸುತ್ತಾರೆ. ಹಾಗೆ ದನಿ ತಗ್ಗಿಸಿದ್ದನ್ನು ಹೇಳಲು ಚರಿತ್ರೆಗಿಂತ ಗಿಳಿಯಾದ ರಾಜನ ಕತೆ ಹೆಚ್ಚು ಅನುಕೂಲವೆಂದು ನನಗೆ ಅನ್ನಿಸುತ್ತದೆ. ತನ್ನದೇ ಮೈಯೊಳಗೆ ಬೇರೆಯವನು ಕೂತಿದ್ದಾನೆ ಎಂಬ ಅನುಭವಕ್ಕೆ ಇದಕ್ಕಿಂತ ನಿಖರವಾದ ರೂಪಕ ನಾನು ಓದಿಲ್ಲ.

ಹಾಗೆಂದು ಹೀರಾನಗರಕ್ಕೆ ಸಲಾಂ ಹೊಡೆದು ಸುಮ್ಮನಾಗುವಂತಿಲ್ಲ. ಆ ಕತೆ ಶುರುವಾಗುವುದೇ ಜಾತಿಯಿಂದ. ಮೇಲು ಕುಲದ ಹೆಣ್ಣು, ಕೀಳು ಜಾತಿಯ ಗಂಡು, ನಡುವೆ ರಾಜನ ಕತ್ತಿ. ಹಾವುಗಳಿಗೂ ಜಾತಿ ಹಚ್ಚಿದ ಕಲ್ಪನೆ ಅದು. ಕೊಲ್ಲುವ ಮೊದಲು ನಿನಗೇನು ಅಧಿಕಾರ ಎಂದು ಕೇಳುವವರು ಕತೆಯಲ್ಲಿ ಇಲ್ಲ. ಪದಮ್ ರಾವ್ ಕೂಡ ಕೊನೆಗೆ ರಾಜನ ಮಾತಿಗೇ ತಲೆದೂಗುತ್ತಾನೆ. ಆ ಕೀಳು ಜಾತಿಯ ಹಾವಿಗೆ ಕವಿ ಒಂದು ಹೆಸರನ್ನೂ ಉಳಿಸಿಲ್ಲ. ಧರ್ಮದ ಗೋಡೆ ದಾಟಿದ ಕಲ್ಪನೆ ಜಾತಿಯ ಗೋಡೆಯ ಹತ್ತಿರ ಬಂದು ನಿಂತುಬಿಟ್ಟಿದೆ. ದುಡಿಯುವವರೂ ಅಲ್ಲಿಲ್ಲ. ಕನಕಪುರ, ಹೀರಾನಗರ, ಕನಕಗೀರ್ ಎಲ್ಲವೂ ಬಂಗಾರ, ವಜ್ರದ ಹೆಸರುಗಳೇ. ಶಹಾಬಾದಿನ ಪರಸಿ ಕಲ್ಲು ದೇಶದ ಎಷ್ಟೋ ಊರುಗಳ ಮನೆಗಳ ನೆಲಕ್ಕೆ ಹೋಗಿದೆ. ವಾಡಿಯ ಸಿಮೆಂಟ್ ಎಷ್ಟೋ ಅಣೆಕಟ್ಟು, ಸೇತುವೆಗಳಿಗೆ ಹೋಗಿದೆ. ಆ ಕಲ್ಲು ತೆಗೆಯುವವರ ಊರಿನ ಕತೆಗಾರ ಒಂದು ರಾಜ್ಯ ಕಟ್ಟಿದರೆ ಅದರಲ್ಲಿ ಕನಿಷ್ಠ ಗಣಿಯವನಿಗೆ ಒಂದು ಹೆಸರಿರಲಿ.

ಕನ್ನಡದ ಹೊಸ ಸಾಹಿತ್ಯ ಕಲ್ಪಿತ ಊರುಗಳನ್ನು ಚೆನ್ನಾಗಿಯೇ ಕಟ್ಟಿದೆ. ಕಂಬಾರರ ಶಿವಾಪುರದಲ್ಲಿ ಗೌಡರ ಮನೆಯಿಂದ ಹಿಡಿದು ದೇವಲೋಕದವರೆಗೆ ಓಡಾಡಲು ದಾರಿಯಿದೆ. ಬೊಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿ ಕರಾವಳಿಯ ಮುಸ್ಲಿಂ ಬದುಕಿಗೆ ಕನ್ನಡದಲ್ಲಿ ಒಂದು ವಿಳಾಸ ಕೊಟ್ಟಿತು. ಸಾರಾ ಅಬೂಬಕ್ಕರ್, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ಇವರೆಲ್ಲ ವಾಸ್ತವದ ಗದ್ಯವನ್ನು ಹೋರಾಡಿ ಗಳಿಸಿದವರು. ಬಾನು ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದದ್ದು ಆ ಇಡೀ ದಾರಿಗೆ ಸಂದ ಮನ್ನಣೆ. ಆ ಗದ್ಯವನ್ನು ಬಿಟ್ಟುಕೊಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಮುಸ್ಲಿಂ ಲೇಖಕ ಎಂದರೆ ಸಾಕ್ಷಿಕಟ್ಟೆಯಲ್ಲಿ ನಿಂತು ಬುರ್ಖಾದ ಬಗ್ಗೆ, ತಲಾಖಿನ ಬಗ್ಗೆ, ಗಲಭೆಯ ಬಗ್ಗೆ ಹೇಳಿಕೆ ಕೊಡುವವನು ಎಂಬ ರೂಢಿ ಬೆಳೆದಿದೆ. ಹೇಳಿಕೆ ನಿಜವೇ ಎಂದು ಎಲ್ಲರೂ ನೋಡುತ್ತಾರೆ, ಕತೆ ಹೇಗಿದೆ ಎಂದು ಯಾರೂ ನೋಡುವುದಿಲ್ಲ. ಕಂಬಾರರಿಗೆ ಇರುವ ದೇವಲೋಕದ ದಾರಿ, ನಿಜಾಮಿಗೆ ಇದ್ದ ನಾಗಲೋಕದ ದಾರಿ ನಮ್ಮ ಹುಡುಗರಿಗೂ ತೆರೆದಿರಬೇಕು.

ಮೊದಲು ಆಗಬೇಕಾದ ಕೆಲಸ ಸಣ್ಣದು. ‘ಕದಮ್ ರಾವ್ ಪದಮ್ ರಾವ್’ ಮತ್ತು ‘ಗುಲ್ಶನೆ ಇಷ್ಕ್’ ಎರಡನ್ನೂ ಅನುವಾದಕ್ಕಿಂತ ಮುಂಚೆ ಕನ್ನಡ ಲಿಪಿಯಲ್ಲಿ, ಟಿಪ್ಪಣಿಯೊಂದಿಗೆ ಅಚ್ಚು ಹಾಕಬೇಕು. ನಿಜಾಮಿಯ ಭಾಷೆಯಲ್ಲಿ ಫಾರಸಿ ತೀರ ಕಡಿಮೆ. ಜೋಗಿ ರಾಜನಿಗೆ ಕಲಿಸುವ ವಿದ್ಯೆಗಳು ಧನುರ್ಬೇದ್, ಅಮರ್ಬೇದ್. ಒಂದು ಸಲ ನಾನು ಜಾಲಿಬಿಯವರ ಪುಸ್ತಕವನ್ನು ಮುಂದಿಟ್ಟುಕೊಂಡು ಕೆಲವು ಪುಟಗಳನ್ನು ಇಬ್ಬರ ಮುಂದೆ ಓದಿದೆ. ಒಬ್ಬರು ಉರ್ದುವಿನಲ್ಲಿ ಎಂ.ಎ. ಮಾಡಿದವರು, ಇನ್ನೊಬ್ಬ ಸೇಡಂನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದ ಹತ್ತನೇ ತರಗತಿಯ ಹುಡುಗ. ಸಾಲು ಸಾಲಿಗೂ ನಿಘಂಟು ಕೇಳಿದವರು ಎಂ.ಎ. ಸಾಹೇಬರು. ಹುಡುಗ ಮಾತ್ರ ಗಿಳಿ ಆಮೇಲೆ ಎಲ್ಲಿಗೆ ಹೋಯಿತು ಎಂದು ಕೇಳುತ್ತಿದ್ದ.